ಹುಬ್ಬಳ್ಳಿಯಿಂದ ಒಂದೂವರೆ ದಿನ: ಬಾದಾಮಿನಾ, ವಿಜಯಪುರನಾ?

ನವನಗರದ ಹುಡುಗಿ:
ನಮಸ್ಕಾರ. ಬೆಂಗಳೂರಿನಿಂದ ನನ್ನ ಗೆಳತಿ ಮದುವೆಗೆ ಅಂತ ಹುಬ್ಬಳ್ಳಿಗೆ ಬಂದಿದ್ದಾಳೆ. ನಿನ್ನೆ ಅಕ್ಕಿಕಾಳು ಮುಗೀತು. ಇವತ್ತು ಚಹಾ ಕುಡೀತಾ "ಸೋಮವಾರದ ತನಕ ರಜೆ ಇದೆ, ಎಲ್ಲಾದ್ರೂ ಹೋಗೋಣ್ವಾ?" ಅಂದಳು. ಇಬ್ಬರ ಬ್ಯಾಗೂ ರೆಡಿ, ಯಾವ ಊರು ಅನ್ನೋದು ಮಾತ್ರ ತೀರ್ಮಾನ ಆಗಿಲ್ಲ. ಅವಳಿಗೆ ಗೋಲಗುಮ್ಮಟ ನೋಡಬೇಕು, ನನಗೆ ಬಾದಾಮಿ. ಕಾರಿಲ್ಲ, ಬಸ್ಸಲ್ಲೇ ಹೋಗಬೇಕು. ಊಟ ಮಾಡಿ ಹೊರಟು ನಾಳೆ ರಾತ್ರಿ ಮನೆ ಸೇರಬೇಕು. ಎರಡೂ ಆಗುತ್ತಾ?

ರೋಣದವ:
ಎರಡೂ ಬೇಡ್ರೀ. ವಿಜಯಪುರ ಸುಮಾರು 200 ಕಿ.ಮೀ. ಇದೆ, ಇರೋ ಸಮಯ ಎಲ್ಲಾ ಬಸ್ಸಿನಲ್ಲೇ ಹೋಗುತ್ತೆ. ಗದಗದ ಬಸ್ ಹಿಡೀರಿ. ಆಧಾರ್ ಕಾರ್ಡ್ ಮರೀಬೇಡಿ, ಸಾಮಾನ್ಯ ಕೆಂಪು ಬಸ್ಸಿನಲ್ಲಿ ಇಬ್ಬರಿಗೂ ಜೀರೋ ಟಿಕೆಟ್.

ಗದಗದಲ್ಲಿ ಇಳಿದು ಸೀದಾ ಲಕ್ಕುಂಡಿಗೆ ಹೋಗಿ. ಹೊಸಪೇಟೆ ರಸ್ತೆಯಲ್ಲಿ 12 ಕಿ.ಮೀ. ಅಷ್ಟೇ. ಎಲ್ಲರೂ ಹಂಪಿ, ಬಾದಾಮಿ ಅಂತ ಈ ಊರನ್ನು ದಾಟಿಕೊಂಡು ಹೋಗಿಬಿಡ್ತಾರೆ, ನನಗೆ ಅದೇ ಸಂಕಟ. ಕಾಶಿವಿಶ್ವನಾಥ ಗುಡಿಯ ಬಾಗಿಲ ಚೌಕಟ್ಟಿನ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತುಕೊಳ್ಳಿ. ಕೆತ್ತನೆಯ ಪಟ್ಟಿಗಳು ಒಂದರ ಪಕ್ಕ ಒಂದು ಮೇಲಕ್ಕೆ ಹೋಗಿವೆ. ಅಷ್ಟು ಸಣ್ಣ ಕೆಲಸ ಕಲ್ಲಿನಲ್ಲಿ ಹೇಗೆ ಮಾಡಿದರೋ! ಫೋಟೊದಲ್ಲಿ ಅದು ಕಾಣೋದೇ ಇಲ್ಲ, ಮೂಗು ತಾಗುವಷ್ಟು ಹತ್ತಿರ ಹೋಗಬೇಕು.

ಆಮೇಲೆ ಬ್ರಹ್ಮ ಜಿನಾಲಯ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳಲ್ಲ, ಅದೇ ಮಹಾತಾಯಿ. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ, ನೋಡದೆ ಬರಬೇಡಿ. ಮಾಣಿಕೇಶ್ವರ ಗುಡಿ ಹತ್ತಿರ ಮುಸುಕಿನ ಬಾವಿ ಇದೆ. ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಳ್ಳೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಸಂಜೆ ಗದಗಕ್ಕೆ ವಾಪಸ್ ಬಂದು ರೋಣದ ಮೇಲೆ ಹೋಗೋ ಬಾದಾಮಿ ಬಸ್ ಹತ್ತಿ. ಎರಡು ತಾಸಿನ ದಾರಿ. ರಾತ್ರಿ ಬಾದಾಮಿಯಲ್ಲೇ ಉಳೀರಿ.

ಭಾನುವಾರ ಬಿಸಿಲೇರೋದ್ರೊಳಗೆ ಗುಹೆ ಹತ್ತಿಬಿಡಿ. ಮೂರನೇದಕ್ಕೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಚಾಲುಕ್ಯರ ಮಂಗಲೇಶ ಮಾಡಿಸಿದ್ದು, 578ರ ಶಾಸನ ಅಲ್ಲೇ ಇದೆ. ಕೈಯಲ್ಲಿ ಬಾಳೆಹಣ್ಣು, ಚಿಪ್ಸ್ ಏನೂ ಬೇಡ, ಮಂಗಗಳು ಕಿತ್ತುಕೊಳ್ತಾವೆ. ಮಧ್ಯಾಹ್ನದ ಊಟಕ್ಕೆ ಹೋಟೆಲ್ ಹುಡುಕಬೇಡಿ, ಬನಶಂಕರಿಗೆ ಹೋಗಿ. ಗುಡಿ ಹತ್ತಿರ ಅಮ್ಮಂದಿರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೊಸರು ತಂದು ಕೊಡ್ತಾರೆ. ಆ ಊಟ ಮಾಡಿಯೇ ಪಟ್ಟದಕಲ್ಲಿಗೆ ಹೊರಡಿ.

ಗುಮ್ಮಟ ನಗರಿ:
ನಾನು ವಿಜಯಪುರದವಳು, ಆದ್ರೂ ಮೇಲಿನ ಅಣ್ಣನ ಮಾತಿಗೇ ನನ್ನ ಓಟು. ಗೋಲಗುಮ್ಮಟ ನೋಡಬೇಕು ಅಂದ್ರೆ ಹಿಂದಿನ ರಾತ್ರಿಯೇ ಇಲ್ಲಿ ಉಳಿದು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೇಲೆ ಹತ್ತಬೇಕು. ಆಗ ಮಾತ್ರ ಈ ಕಡೆ ಪಿಸುಗುಟ್ಟಿದ್ದು ಆ ಕಡೆ ಗೋಡೆಗೆ ಕಿವಿ ಇಟ್ಟವರಿಗೆ ಕೇಳುತ್ತೆ. ಶಾಲೆ ಮಕ್ಕಳ ಬಸ್ಸು ಬಂದ ಮೇಲೆ ಬರೀ ಕೂಗಾಟ. ಇಬ್ರಾಹಿಂ ರೋಜಾನೂ ಅವಸರದಲ್ಲಿ ನೋಡೋದಲ್ಲ. ನಿಮ್ಮ ಗೆಳತಿಗೆ ಹೇಳಿ, ಇದಕ್ಕೇ ಅಂತ ಇನ್ನೊಂದು ಸಲ ಬರಲಿ.

ನವನಗರದ ಹುಡುಗಿ:
ಗೆಳತಿ ಒಪ್ಪಿದಳು! ಅತ್ತಿಮಬ್ಬೆ ಹೆಸರು ಕೇಳಿದ್ದೇ ತಡ, ಲಕ್ಕುಂಡಿ ಬಿಡೋದೇ ಬೇಡ ಅಂತಿದ್ದಾಳೆ. ಈಗ ಬಸ್ ಸ್ಟ್ಯಾಂಡಿಗೆ ಹೊರಟಿದ್ದೇವೆ. ಒಂದೇ ಅನುಮಾನ: ಪಟ್ಟದಕಲ್ಲಿನಿಂದ ವಾಪಸ್ ಬರೋಕೆ ಬಸ್ ಸಿಗುತ್ತಾ? ಐಹೊಳೆನೂ ಸೇರಿಸಿಕೊಳ್ಳಬಹುದಾ?

ರೋಣದವ:
ಬಸ್ ಇವೆ, ಆದ್ರೆ ಕಾಯಬೇಕಾಗುತ್ತೆ. ಬಾದಾಮಿಯಲ್ಲೇ ಆಟೋ ಮಾತಾಡಿ. ಬನಶಂಕರಿ, ಪಟ್ಟದಕಲ್ಲು, ಹೋಗಿ ಬರೋದು, ಅಲ್ಲಿ ಕಾಯೋದು ಎಲ್ಲಾ ಸೇರಿ ಎಷ್ಟು ಅಂತ ಹತ್ತೋಕೆ ಮುಂಚೆಯೇ ಕೇಳಿಬಿಡಿ. ಐಹೊಳೆ ಈ ಸಲ ಬಿಡಿ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೇ ಒಂದು ತಾಸು ಬೇಕು. ವಿಕ್ರಮಾದಿತ್ಯ ಕಂಚಿ ಗೆದ್ದಿದ್ದಕ್ಕೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಅದು, ನಿಮ್ಮ ಗೆಳತಿಗೆ ಇದನ್ನೂ ಹೇಳಿ. ಸಂಜೆ ಐದರೊಳಗೆ ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಇರಿ, ಹುಬ್ಬಳ್ಳಿಗೆ ಮೂರು ತಾಸಿನ ಮೇಲೆ ಬೇಕು.