ತೋಟದ ಮಳೆಮಾಪಕಕ್ಕೆ ತಿಂಗಳೂ ಬಾಳದ ಬ್ಯಾಟರಿ: ನೀವೇನು ಮಾಡಿದಿರಿ?

ಕೇಳಿದವರು, ತೀರ್ಥಹಳ್ಳಿ ಕಡೆಯಿಂದ:
ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೀಬೇಕು ಅಂತ ಲೆಕ್ಕ ಇಡೋಕೆ ಅಡಿಕೆ ತೋಟದಲ್ಲಿ ಒಂದು ಪೆಟ್ಟಿಗೆ ಕಟ್ಟಿದ್ದೇನೆ. ಮಳೆ, ಮಣ್ಣಿನ ತೇವ, ಗಾಳಿಯ ತೇವ ಮೂರೂ ಅಳೆಯುತ್ತೆ. ಎಲ್ಲ ನಡೆಸೋ ಪುಟ್ಟ ಕಂಪ್ಯೂಟರ್ ಚಿಪ್ ಇರೋ ಇಎಸ್‌ಪಿ32 ಬೋರ್ಡು, ರೇಡಿಯೋದಲ್ಲಿ ದೂರಕ್ಕೆ ಲೆಕ್ಕ ಕಳಿಸೋ ಲೋರಾ ಮಾಡ್ಯೂಲು, 3000 ಎಂಎಎಚ್‌ನ (ಮಿಲಿಆಂಪ್-ಗಂಟೆ) ಒಂದು 18650 ಲಿಥಿಯಂ ಸೆಲ್. 15 ನಿಮಿಷಕ್ಕೊಮ್ಮೆ ಎದ್ದು ಲೆಕ್ಕ ಕಳಿಸಿ ಡೀಪ್ ಸ್ಲೀಪ್‌ಗೆ, ಅಂದ್ರೆ ಕರೆಂಟ್ ತೀರಾ ಕಮ್ಮಿ ತಿನ್ನೋ ನಿದ್ದೆಗೆ, ಹೋಗುತ್ತೆ. ಆದ್ರೂ ಮೂರು ವಾರಕ್ಕೆ ಖಾಲಿ. ದೊಡ್ಡ ಸೋಲಾರ್ ಪ್ಯಾನೆಲ್ ಹಾಕಲಾ?

ಬೆಂಗಳೂರಿಂದ, ಬೋರ್ಡ್ ಡಿಸೈನ್ ಮಾಡುವವರು:
ಪ್ಯಾನೆಲ್ ಆಮೇಲೆ, ಮೊದಲು ಸೋರಿಕೆ ಹುಡುಕಿ ಸರ್. ಚಿಪ್ ಮಲಗಿದಾಗ ತಿನ್ನೋದು 10 ಮೈಕ್ರೋಆಂಪ್ ಆಸುಪಾಸು. ಆದರೆ ಚಿಪ್ ಮಲಗಿದ್ರೂ ಬೋರ್ಡ್ ಮಲಗಿರಲ್ಲ. ಅಗ್ಗದ ಬೋರ್ಡ್‌ಗಳಲ್ಲಿ ಚಿಪ್‌ಗೆ ಬೇಕಾದಷ್ಟೇ ವೋಲ್ಟೇಜ್ ಕೊಡೋ 1117 ರೆಗ್ಯುಲೇಟರ್ ಕೆಲಸವಿಲ್ಲದೆ ಕೂತೇ ಸುಮಾರು 5 ಮಿಲಿಆಂಪ್ ನುಂಗುತ್ತೆ. ಜೊತೆಗೆ ಕೆಂಪು ಎಲ್‌ಇಡಿ. 3000ವನ್ನು 5ರಿಂದ ಭಾಗಿಸಿ ನೋಡಿ: 600 ಗಂಟೆ, 25 ದಿನ. ನಾನು ಅದರ ಬದಲು ಎಚ್‌ಟಿ7833 ರೆಗ್ಯುಲೇಟರ್ ಹಾಕ್ತೀನಿ, ಅದರ ಸ್ವಂತ ಖರ್ಚು 4 ಮೈಕ್ರೋಆಂಪ್.

ಅಳೆಯುವಾಗ ಹುಷಾರು. ಮಲ್ಟಿಮೀಟರನ್ನು ಮೈಕ್ರೋಆಂಪ್‌ಗೆ ಇಟ್ಟರೆ, ಬೋರ್ಡ್ ಎದ್ದ ಕೂಡಲೇ ಮೀಟರಿನ ಒಳಗೇ ವೋಲ್ಟೇಜ್ ಬಿದ್ದು ರೀಸೆಟ್ ಆಗುತ್ತೆ. ಮಲಗೋದೇ ಇಲ್ಲ. ಹೀಗಾಗಿ ನಾನು ಎರಡು ದಿನ ಕೋಡ್‌ನಲ್ಲಿ ಇಲ್ಲದ ತಪ್ಪು ಹುಡುಕಿದ್ದೆ! ಮೀಟರಿನ ಎರಡು ಮೊನೆಗೆ ಒಂದು ತುಂಡು ವೈರ್ ಸಿಕ್ಕಿಸಿ, ಬೋರ್ಡ್ ಮಲಗಿದ ಮೇಲೆ ಅದನ್ನು ತೆಗೆದು ಓದಿ.

ಕೊಪ್ಪದಿಂದ, ಬೆಳೆಗಾರರು:
ಪ್ಯಾನೆಲ್ ಮಾತು ಬಿಡಿ ಮಾರಾಯ್ರೇ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಅಡಿಕೆ ಮರದ ಬುಡದಲ್ಲಿ ಅದಕ್ಕೆ ಸಿಗೋದು ಸ್ನಾನ ಮಾತ್ರ.

ನನಗೆ ಕೈಕೊಟ್ಟಿದ್ದು ಬೇರೆ. ಮಳೆಮಾಪಕದಲ್ಲಿ ನೀರು ತುಂಬಿದಾಗ ವಾಲೋ ತೊಟ್ಟಿಲು ಕಸ ಸಿಕ್ಕಿ ಅರ್ಧದಲ್ಲಿ ನಿಂತಿತ್ತು, ಅದರ ಅಯಸ್ಕಾಂತ ಸರಿಯಾಗಿ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಮುಚ್ಚೋ ಸ್ವಿಚ್) ಎದುರಿಗೆ. ಸ್ವಿಚ್ ಮುಚ್ಚಿದಾಗ ಎದ್ದೇಳು ಅಂತ ಕೋಡ್‌ನಲ್ಲಿ ಬರೆದಿದ್ದೆ. ಬೋರ್ಡ್ ಮಲಗುತ್ತಿದ್ದಂತೆ ಮತ್ತೆ ಏಳೋದು, ಮತ್ತೆ ಮಲಗೋದು. ನಾಲ್ಕು ದಿನಕ್ಕೆ ಸೆಲ್ ಸತ್ತಿತ್ತು. ಈಗ ಸ್ವಿಚ್ ತೆರೆದಿದೆಯಾ ಅಂತ ನೋಡಿಕೊಂಡೇ ಮಲಗುತ್ತೆ, ಮುಚ್ಚಿದ್ದರೆ ಆ ಸಲ ಗಡಿಯಾರ ಮಾತ್ರ ಎಬ್ಬಿಸುತ್ತೆ. ಮಣ್ಣಿನ ಸೆನ್ಸರಿಗೂ ಮಾಸ್ಫೆಟ್ (ಚಿಪ್ ಹೇಳಿದಾಗ ಕರೆಂಟ್ ಬಿಡೋ ಎಲೆಕ್ಟ್ರಾನಿಕ್ ಸ್ವಿಚ್) ಇಟ್ಟು, ಓದುವ ಗಳಿಗೆಗಷ್ಟೇ ಕರೆಂಟ್ ಕೊಡ್ತೇನೆ. ಪೆಟ್ಟಿಗೆ ಒಳಗೆ ಇರುವೆ ಗೂಡು ಕಟ್ಟಿದ್ದು ಇನ್ನೊಂದು ಕಥೆ.

ಶಿರಸಿಯಿಂದ:
ಲೋರಾದ ಸ್ಪ್ರೆಡಿಂಗ್ ಫ್ಯಾಕ್ಟರ್ ಎಷ್ಟಿದೆ? ಅದನ್ನ ಏರಿಸಿದಷ್ಟೂ ಸಿಗ್ನಲ್ ದೂರ ಮುಟ್ಟುತ್ತೆ, ಆದ್ರೆ ನಿಧಾನ. ಒಂದೊಂದು ಮೆಟ್ಟಿಲು ಏರಿದ ಹಾಗೂ ಕಳಿಸೋ ಸಮಯ ಹೆಚ್ಚುಕಮ್ಮಿ ಎರಡುಪಟ್ಟು. ಸಣ್ಣ ಸಂದೇಶಕ್ಕೆ 7ರಲ್ಲಿ 60 ಮಿಲಿಸೆಕೆಂಡ್ ಸಾಕು, 12ರಲ್ಲಿ ಸೆಕೆಂಡು ದಾಟುತ್ತೆ. ನಾನು 12ರಲ್ಲೇ ಇಟ್ಟಿದ್ದೆ, ಸಿಗ್ನಲ್ ಸಿಗಲ್ಲ ಅನ್ನೋ ಭಯಕ್ಕೆ. ಮನೆ ಹತ್ತಿರ ಸಂದೇಶ ಹಿಡಿಯೋ ಗೇಟ್‌ವೇ ಪೆಟ್ಟಿಗೆಯ ಆಂಟೆನಾವನ್ನು ಬಿದಿರಿಗೆ ಕಟ್ಟಿ ಮಾಡಿಗಿಂತ ಮೇಲೆ ಏರಿಸಿದ ಮೇಲೆ 9 ಸಾಕಾಯ್ತು. ಆಂಟೆನಾ 433ರದ್ದಲ್ಲ ತಾನೇ? ನಮ್ಮಲ್ಲಿ ಲೋರಾಕ್ಕೆ ಬಳಸೋದು 865ರ ಆಸುಪಾಸಿನ ಮೆಗಾಹರ್ಟ್ಸ್.

ಕೇಳಿದವರು:
ವೈರ್ ಉಪಾಯ ಮಾಡಿ ಅಳೆದೆ. ಮಲಗಿದಾಗಲೇ 5.8 ಮಿಲಿಆಂಪ್! ಎಲ್‌ಇಡಿ ಕಿತ್ತೆ, 5.1ಕ್ಕೆ ಇಳೀತು. ರೆಗ್ಯುಲೇಟರ್ ಕೊರಿಯರ್‌ನಲ್ಲಿ ಬರಬೇಕು. ಫ್ಯಾಕ್ಟರ್ 12 ಇತ್ತು, ಹೌದು. ಕೊಪ್ಪದವರೇ, ಇರುವೆಗೆ ಏನು ಮಾಡಿದಿರಿ?

ಕೊಪ್ಪದಿಂದ:
ಕಂಬಕ್ಕೆ ಸುತ್ತಲೂ ಗ್ರೀಸ್. ಮಳೆಗೆ ಬೇಗ ತೊಳೆದು ಹೋಗಲ್ಲ. ವೈರ್ ಒಳಹೋಗೋ ತೂತಿಗೆ ಸಿಲಿಕೋನ್.