ಮಳೆಗಾಲದಲ್ಲಿ ಟವರ್ ಹೋದರೆ 112, 108 ಹೋಗುತ್ತಾ? ಹಳ್ಳಿ ಮನೆಗೆ ಏನು ವ್ಯವಸ್ಥೆ ಬೇಕು?

ತುಂಗಾತೀರ:

ತೀರ್ಥಹಳ್ಳಿ ತಾಲೂಕಿನ ಒಂಟಿ ಮನೆ, ಇರುವವರು ಇಬ್ಬರೂ ವಯಸ್ಸಾದವರು. ಒಂದು ಆಂಡ್ರಾಯ್ಡ್ ಫೋನ್ ಇದೆ, ಅದರಲ್ಲಿ ಜಿಯೋ ಸಿಮ್ ಒಂದೇ. ಇನ್ನೊಂದು ಹಳೇ 2ಜಿ ಕೀಪ್ಯಾಡ್ ಫೋನ್, ಬಿಎಸ್‌ಎನ್‌ಎಲ್ ಸಿಮ್. ಅಂಗಳದಲ್ಲಿ ಒಂದೆರಡು ಕಡ್ಡಿ ಸಿಗುತ್ತೆ, ಮನೆಯೊಳಗೆ ಏನೂ ಇಲ್ಲ. ಕರೆಂಟ್ ಹೋಗಿ ನಾಲ್ಕೈದು ಗಂಟೆ ಕಳೆದರೆ ಟವರ್ರೂ ಮಲಗುತ್ತೆ. ಬಿಎಸ್‌ಎನ್‌ಎಲ್ ಫೈಬರ್ ಇದೆ, ಇನ್ವರ್ಟರ್ ಇದೆ.

ತಿಳಿದವರು ದಯವಿಟ್ಟು ಹೇಳಿ. ಪರದೆ ಮೇಲೆ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಅಂತ ಬಂದಾಗ 108 ಹೋಗುತ್ತಾ, ಇಲ್ಲ 112 ಮಾತ್ರವಾ? ರೀಚಾರ್ಜ್ ಮುಗಿದಿದ್ದರೆ, ಸಿಮ್ಮೇ ಇಲ್ಲದಿದ್ದರೆ? ಕಡ್ಡಿ ಪೂರ್ತಿ ಇದ್ದೂ ಕಾಲ್ ಹೋಗದಿದ್ದರೆ ಏನು ಮಾಡಬೇಕು? ಆನ್‌ಲೈನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಹಾಕಿಸಬಹುದಾ?

---

ರೇಡಿಯೋ ಪಾಟೀಲ:

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ‘ನಮ್ಮ ಕಂಪನಿಯ ಟವರ್ ಇಲ್ಲ’ ಅನ್ನುವುದು ಬೇರೆ, ‘ಯಾವ ಟವರೂ ಇಲ್ಲ’ ಅನ್ನುವುದು ಬೇರೆ. ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಬಂದರೆ ಮೊದಲನೆಯದು. ನಿಮ್ಮ ಸಿಮ್ಮಿನ ನೆಟ್‌ವರ್ಕ್ ಸಿಕ್ಕಿಲ್ಲ, ಆದರೆ ಬೇರೆ ಕಂಪನಿಯ ಟವರ್ ಫೋನಿಗೆ ಕಾಣಿಸುತ್ತಿದೆ. ‘ನೋ ಸರ್ವಿಸ್’ ಬಂದರೆ ಅದೂ ಇಲ್ಲ. ಆಗ 112 ಒತ್ತಿದರೂ ಪ್ರಯೋಜನ ಇಲ್ಲ, ಜಾಗ ಬದಲಿಸಬೇಕು ಅಥವಾ ಫೈಬರ್ ಫೋನ್ ಹಿಡಿಯಬೇಕು.

112 ಮತ್ತು ಅಮೆರಿಕ, ಕೆನಡಾದ ತುರ್ತು ಸಂಖ್ಯೆ 911 ಜಿಎಸ್‌ಎಂ ಮಾನದಂಡದ ಪ್ರಕಾರ ಎಲ್ಲ ಫೋನುಗಳಲ್ಲೂ ತಯಾರಾಗುವಾಗಲೇ ಸೇರಿರುತ್ತವೆ. 112 ಒತ್ತಿದ ಕೂಡಲೇ ಫೋನ್ ಅದನ್ನು ಮಾಮೂಲಿ ಕರೆಯಾಗಿ ಕಳಿಸದೆ, ‘ಇದು ತುರ್ತು ಕರೆ’ ಅನ್ನುವ ಬೇರೆಯೇ ಸಂದೇಶ ಕಳಿಸುತ್ತದೆ. ಸ್ವಂತ ನೆಟ್‌ವರ್ಕ್ ಸಿಗದಿದ್ದರೆ ಕಾಣುವ ಯಾವುದೇ ಕಂಪನಿಯ ಟವರ್ ಮೂಲಕ ಪ್ರಯತ್ನಿಸುತ್ತದೆ. 108ರ ಕಥೆ ಹಾಗಲ್ಲ. ಸಿಮ್ ಕಾರ್ಡಿನಲ್ಲಿ ತುರ್ತು ಸಂಖ್ಯೆಗಳ ಒಂದು ಸಣ್ಣ ಪಟ್ಟಿ ಇರುತ್ತದೆ, ನೆಟ್‌ವರ್ಕ್ ಕೂಡ ಒಂದು ಪಟ್ಟಿ ಕಳಿಸಬಹುದು. 108 ಆ ಪಟ್ಟಿಯಲ್ಲಿದ್ದರೆ ತುರ್ತು ಕರೆ, ಇಲ್ಲದಿದ್ದರೆ ಬರೀ ಟೋಲ್ ಫ್ರೀ ಕರೆ. ಬರೀ ಟೋಲ್ ಫ್ರೀ ಕರೆಗೆ ಸ್ವಂತ ಕಂಪನಿಯ ಟವರ್ರೇ ಬೇಕು, ರೀಚಾರ್ಜ್ ಮುಗಿದ ಸಿಮ್ಮಿನಲ್ಲಿ ಅದು ತಡೆಯಲ್ಪಡಲೂಬಹುದು. ಲಾಕ್ ಆದ ಪರದೆಯ ತುರ್ತು ಡಯಲರ್ ಕೂಡ ಪಟ್ಟಿಯಲ್ಲಿ ಇಲ್ಲದ ಸಂಖ್ಯೆಯನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಸ್ವಂತ ಟವರ್ ಇದ್ದಾಗ ಆಂಬುಲೆನ್ಸಿಗೆ ನೇರ 108. ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಇದ್ದಾಗ 112, ಆಂಬುಲೆನ್ಸ್ ಬೇಕು ಅಂತ ಅಲ್ಲೇ ಕೇಳಿ.

ಸಿಮ್ ಇಲ್ಲದ ಫೋನನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಫೋನ್ ಪ್ರಯತ್ನಿಸುತ್ತದೆ ನಿಜ, ಆದರೆ ಸ್ವೀಕರಿಸುವುದು ಬಿಡುವುದು ಆಯಾ ನೆಟ್‌ವರ್ಕಿಗೆ ಬಿಟ್ಟದ್ದು. ಜರ್ಮನಿ ಹುಸಿ ಕರೆಗಳ ಕಾಟಕ್ಕೆ 2009ರಲ್ಲೇ ಸಿಮ್ ಇಲ್ಲದ ತುರ್ತು ಕರೆ ನಿಲ್ಲಿಸಿತು. ಇನ್ನೊಂದು ತೊಂದರೆ, ಸಿಮ್ ಇಲ್ಲದ ಕರೆ ಕಟ್ಟಾದರೆ ಅವರು ತಿರುಗಿ ಮಾಡಲು ನಂಬರ್ರೇ ಇರುವುದಿಲ್ಲ.

ನಿಮ್ಮ ಮನೆಯ ವಿಷಯದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಆಂಡ್ರಾಯ್ಡ್ ಫೋನಿನಲ್ಲಿ ಜಿಯೋ ಒಂದೇ ಸಿಮ್ ಇರುವುದು. ಜಿಯೋಗೆ 2ಜಿ ಇಲ್ಲ. 4ಜಿ ಫೋನ್ ಟವರಿನತ್ತ ಗರಿಷ್ಠ ಸುಮಾರು 0.2 ವ್ಯಾಟ್‌ನಲ್ಲಿ ಮಾತಾಡುತ್ತದೆ, 900 ಮೆಗಾಹರ್ಟ್ಸ್ 2ಜಿಯಲ್ಲಿ 2 ವ್ಯಾಟ್‌ವರೆಗೆ ಏರಬಹುದು. ಕಣಿವೆಯ ಅಂಚಿನಲ್ಲಿ ಟವರಿನ ಮಾತು ಫೋನಿಗೆ ಕೇಳಿಸಿದರೂ ಫೋನಿನ ಮಾತು ಟವರಿಗೆ ಮುಟ್ಟದಿರುವುದೇ ಹೆಚ್ಚು. ಕಡ್ಡಿ ಕಂಡರೂ ಕಾಲ್ ಹೋಗದಿರಲು ಇದೂ ಒಂದು ಕಾರಣ. ಆಂಡ್ರಾಯ್ಡ್ ಫೋನಿನ ಎರಡನೇ ಜಾಗಕ್ಕೆ 2ಜಿ ಇರುವ ಬೇರೆ ಕಂಪನಿಯ ಸಿಮ್ ಹಾಕಿ, ಹೊರಹೋಗುವ ಕರೆ ಇರುವ ಪ್ಲಾನನ್ನು ಚಾಲ್ತಿಯಲ್ಲಿಡಿ.

ಯಾವ ಕಂಪನಿ ಅಂತ ಪಕ್ಕದ ಮನೆಯವರನ್ನು ಕೇಳುವ ಬದಲು ಫೋನನ್ನೇ ಕೇಳಿ. ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ‘ತಾನಾಗಿ ಆಯ್ಕೆ ಮಾಡು’ ಅನ್ನುವುದನ್ನು ಆಫ್ ಮಾಡಿ, ಒಂದರಿಂದ ಮೂರು ನಿಮಿಷ ಕಾದರೆ ಆ ಜಾಗದಲ್ಲಿ ಕಾಣುವ ಎಲ್ಲ ನೆಟ್‌ವರ್ಕುಗಳ ಹೆಸರು ಬರುತ್ತವೆ. ಅಂಗಳ, ಹಟ್ಟಿ, ತೋಟದ ದಿಬ್ಬ, ಮೂರೂ ಕಡೆ ನೋಡಿ. ಮುಗಿದ ಮೇಲೆ ಆ ಆಯ್ಕೆಯನ್ನು ಮರೆಯದೆ ಆನ್ ಮಾಡಿ. ಸಿಗ್ನಲ್ ಎಷ್ಟಿದೆ ಅಂತ ಅಂಕಿಯಲ್ಲೇ ಬೇಕಿದ್ದರೆ ಡಯಲರಿನಲ್ಲಿ *#*#4636#*#* ಒತ್ತಿ, ಬಹಳಷ್ಟು ಆಂಡ್ರಾಯ್ಡ್‌ಗಳಲ್ಲಿ ತೆರೆಯುತ್ತದೆ. 4ಜಿಯಲ್ಲಿ ಮೈನಸ್ 100 ಡಿಬಿಎಂ ಆಸುಪಾಸು ಇದ್ದರೆ ಮಾತಿಗೆ ಸಾಕು. ಮೈನಸ್ 110 ದಾಟಿದರೆ ಕಷ್ಟ, ಮೈನಸ್ 120ರ ಹತ್ತಿರ ನಂಬುವ ಹಾಗೇ ಇಲ್ಲ. ಪರೀಕ್ಷೆಗೆ ಅಂತ 112ಕ್ಕೆ ಮಾತ್ರ ಕರೆ ಮಾಡಬೇಡಿ.

---

ಕಂಬದಕೋಣೆ:

ಕಡ್ಡಿ ಪೂರ್ತಿ ಇದ್ದೂ ಕಾಲ್ ಹೋಗದಿರುವ ಪ್ರಶ್ನೆಗೆ ಸೇರಿಸುತ್ತೇನೆ, ಇದು ಅತ್ಯಂತ ಅಪಾಯದ್ದು. ಟವರಿನ ರೇಡಿಯೋ ಜೀವಂತ ಇರುತ್ತದೆ, ಹಿಂದಿನ ಫೈಬರ್ ಅಥವಾ ಕಂಪನಿಯ ಮುಖ್ಯ ಜಾಲ ಸತ್ತಿರುತ್ತದೆ. ಫೋನಿಗೆ ಅದು ಗೊತ್ತಾಗುವುದಿಲ್ಲ, ನಮ್ಮ ಟವರ್ ಇದೆಯಲ್ಲ ಅಂತ ಅದಕ್ಕೇ ಅಂಟಿಕೊಳ್ಳುತ್ತದೆ, ಬೇರೆ ಕಂಪನಿಯ ಕಡೆ ಹೋಗುವುದೇ ಇಲ್ಲ. ಕೆನಡಾದಲ್ಲಿ 2022ರ ಜುಲೈ 8ರಂದು ರೋಜರ್ಸ್ ಅನ್ನುವ ಮೊಬೈಲ್ ಕಂಪನಿಯ ಜಾಲ ಬಿದ್ದಾಗ ಹೀಗೇ ಆಯಿತು. 911 ಹೋಗದಿದ್ದರೆ ಸಿಮ್ ತೆಗೆದು ಪ್ರಯತ್ನಿಸಿ ಅನ್ನುವ ಸಲಹೆ ಅಲ್ಲಿ ಕೊಡಬೇಕಾಯಿತು.

ನಮ್ಮಲ್ಲಿ ಸಿಮ್ ತೆಗೆಯುವ ಉಪಾಯ ಬೇಡ, ಮೇಲೆ ಪಾಟೀಲರು ಹೇಳಿದ ಕಾರಣಕ್ಕೇ. ಎರಡು ಸಿಮ್ ಇದ್ದರೆ ಕೆಲಸ ಸುಲಭ. ಸಿಮ್ ಸೆಟ್ಟಿಂಗ್ಸಿಗೆ ಹೋಗಿ ಕೈಕೊಟ್ಟ ಸಿಮ್ಮನ್ನು ಆಫ್ ಮಾಡಿ, ಇನ್ನೊಂದರಿಂದ ಕರೆ ಮಾಡಿ. ಕರೆ ಒತ್ತಿ 20 ಸೆಕೆಂಡಿನಲ್ಲಿ ರಿಂಗ್ ಕೇಳದಿದ್ದರೆ ಕಟ್ ಮಾಡಿ ಇನ್ನೊಂದು ದಾರಿ ಹಿಡಿಯಿರಿ. ಅದೇ ಬಟನ್ ಒತ್ತುತ್ತಾ ಕೂರುವುದರಲ್ಲೇ ಜನ ಹತ್ತು ನಿಮಿಷ ಕಳೆದುಬಿಡುತ್ತಾರೆ.

ದೋಷ ಯಾವಾಗಲೂ ನಿಮ್ಮ ಕಡೆಯದೇ ಇರಬೇಕಿಲ್ಲ. 2022ರ ಸೆಪ್ಟೆಂಬರಿನಲ್ಲಿ ರಾಜ್ಯದ 108 ಕಾಲ್ ಸೆಂಟರಿನಲ್ಲೇ ತಾಂತ್ರಿಕ ತೊಂದರೆಯಾಗಿ ಸೇವೆ ಅಸ್ತವ್ಯಸ್ತವಾಗಿತ್ತು. ಅದಕ್ಕೇ ತಾಲೂಕು ಆಸ್ಪತ್ರೆ, ಹತ್ತಿರದ ಖಾಸಗಿ ಆಂಬುಲೆನ್ಸ್, ಪೊಲೀಸ್ ಠಾಣೆ, ಊರಲ್ಲಿ ಜೀಪು ಇರುವ ಇಬ್ಬರ ನಂಬರ್, ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಜಿಲ್ಲಾ ಕಂಟ್ರೋಲ್ ರೂಮಿನ 1077 ಜತೆಗೆ ಅದರ ಎಸ್‌ಟಿಡಿ ಕೋಡ್ ಸಹಿತ ಪೂರ್ತಿ ನಂಬರನ್ನೂ ಬರೆಯಿರಿ.

---

ದೀಪದ ಮಲ್ಲಿ:

ನಿಮ್ಮ ಹತ್ತಿರ ಇರುವ ಅತ್ಯುತ್ತಮ ಸಾಧನ ಫೈಬರ್. ಎಕ್ಸ್‌ಚೇಂಜಿನಿಂದ ಮನೆವರೆಗಿನ ಫೈಬರಿಗೂ ದಾರಿಯಲ್ಲಿರುವ ಸ್ಪ್ಲಿಟರಿಗೂ (ಒಂದು ಫೈಬರನ್ನು ಹಲವು ಮನೆಗಳಿಗೆ ಹಂಚುವ ಸಾಧನ) ಕರೆಂಟೇ ಬೇಡ. ಆ ತುದಿಯಲ್ಲಿ ವಿದ್ಯುತ್ ಇದ್ದು ಈ ತುದಿಯಲ್ಲಿ ನಿಮ್ಮ ಮೋಡೆಮ್ ಉರಿಯುತ್ತಿದ್ದರೆ, ನಡುವಿನ ಊರೆಲ್ಲ ಕತ್ತಲಾಗಿದ್ದರೂ ಲೈನ್ ಇರುತ್ತದೆ.

ಮೋಡೆಮ್ ಹೆಚ್ಚೆಂದರೆ 10ರಿಂದ 12 ವ್ಯಾಟ್ ತಿನ್ನುತ್ತದೆ. ಅದರ ಪ್ಲಗ್ ಇನ್ವರ್ಟರ್ ಲೈನಿನಲ್ಲಿದೆಯೇ ಅಂತ ಮೆಯಿನ್ ಸ್ವಿಚ್ ಆರಿಸಿ ನೋಡಿ. 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದೆ, ಫ್ಯಾನು ಟಿವಿ ಆರಿಸಿಟ್ಟರೆ ಮೋಡೆಮ್ ಒಂದನ್ನೇ ದಿನಗಟ್ಟಲೆ ನಡೆಸುತ್ತದೆ. ಇದಲ್ಲದೆ 12 ವೋಲ್ಟ್ 2 ಆಂಪಿಯರಿನ ಮಿನಿ ಯುಪಿಎಸ್ ಒಂದಿರಲಿ. ಡಬ್ಬಿ ಮೇಲೆ 8,800 ಎಂಎಎಚ್ ಅಂತ ಇದ್ದರೆ ಅದು 3.7 ವೋಲ್ಟ್ ಲೆಕ್ಕ, ಅಂದರೆ ಸುಮಾರು 32 ವ್ಯಾಟ್-ಅವರ್. ನಷ್ಟ ಕಳೆದು ಎರಡೂವರೆ ಗಂಟೆ ಬರುತ್ತದೆ.

ಮೋಡೆಮ್ ಹಿಂದಿನ ಟೆಲಿಫೋನ್ ಪೋರ್ಟಿಗೆ ಸುರುಳಿ ವೈರಿನ ಸಾದಾ ಫೋನ್ ಹಾಕಿ. ಕಾರ್ಡ್‌ಲೆಸ್ ಫೋನಿನ ಬೇಸಿಗೂ ಕರೆಂಟ್ ಬೇಕು, ಅದು ಮೊದಲು ಸಾಯುತ್ತದೆ. ಮೋಡೆಮ್ ಮೇಲೆ ‘ಲಾಸ್’ (LOS) ದೀಪ ಕೆಂಪಗೆ ಮಿನುಗಿದರೆ ಹೆಚ್ಚಾಗಿ ಫೈಬರ್ ತುಂಡಾಗಿದೆ ಅಂತ ಅರ್ಥ. ಕೇಬಲ್ ವಿದ್ಯುತ್ ಕಂಬದ ಮೇಲೇ ಬಂದಿದ್ದರೆ, ಕರೆಂಟ್ ತೆಗೆದ ಮರವೇ ಇದನ್ನೂ ತೆಗೆಯುತ್ತದೆ. ಹಾಗಾಗಿ ಫೈಬರ್ ಒಂದನ್ನೇ ನಂಬುವಂತಿಲ್ಲ.

ವೈಫೈ ಕಾಲಿಂಗ್ (ಟವರ್ ಬದಲು ಮನೆಯ ವೈಫೈ ಮೂಲಕ ಕರೆ ಹೋಗುವ ವ್ಯವಸ್ಥೆ) ಆನ್ ಮಾಡಿಡಿ, ಮನೆಯೊಳಗಿನ ಸಮಸ್ಯೆ ಅಲ್ಲಿಗೇ ಬಗೆಹರಿಯಬಹುದು. ಆದರೆ ತುರ್ತು ಕರೆಗೆ ಒಂದು ಎಚ್ಚರ: 112 ಒತ್ತಿದರೆ ಫೋನ್ ಮೊದಲು ಟವರ್ ಹುಡುಕಲು ಹೊರಡುತ್ತದೆ, ವೈಫೈ ಮೇಲೆ ಹೋಗೇ ಹೋಗುತ್ತದೆ ಅಂತ ಭಾವಿಸಬೇಡಿ. ಆಸ್ಪತ್ರೆಯ ಪೂರ್ತಿ ನಂಬರ್ ಮಾಮೂಲಿ ಕರೆ, ಅದು ವೈಫೈ ಮೇಲೆ ಸಲೀಸಾಗಿ ಹೋಗುತ್ತದೆ. ವೈಫೈ ಕರೆಯಲ್ಲಿ ನೀವಿರುವ ಜಾಗ ಟವರಿನಿಂದ ತಿಳಿಯುವುದಿಲ್ಲ, ಬಾಯಲ್ಲೇ ಹೇಳಬೇಕು. ಅದರಲ್ಲೂ ಮೊದಲ ಮಾತಲ್ಲೇ ಜಿಲ್ಲೆ, ತಾಲೂಕು, ಗ್ರಾಮ ಪಂಚಾಯಿತಿ, ಊರು, ಗುರುತು, ತಿರುಗಿ ಕರೆಯಬೇಕಾದ ನಂಬರ್, ಇದೇ ಕ್ರಮದಲ್ಲಿ. ಕೇಳಿಸಿಕೊಳ್ಳುವವರು ದೂರದ ಕೇಂದ್ರದಲ್ಲಿ ಕೂತಿರುತ್ತಾರೆ, ಊರಿನ ಹೆಸರೊಂದೇ ಹೇಳಿದರೆ ಅಂಥದ್ದೇ ಹೆಸರಿನ ಊರು ಇನ್ನೆಲ್ಲೋ ಇರುತ್ತದೆ. ಮನೆಯ ಅಕ್ಷಾಂಶ ರೇಖಾಂಶವನ್ನು ದಶಾಂಶದ ನಂತರ ನಾಲ್ಕು ಅಂಕಿಯವರೆಗೆ ಬರೆದಿಡಿ, ಸುಮಾರು 11 ಮೀಟರಿನ ನಿಖರತೆ ಸಿಗುತ್ತದೆ. ಇದನ್ನು ನೋಡಲು ಜಿಪಿಎಸ್ಸಿಗೆ ಟವರ್ ಬೇಡ, ತೆರೆದ ಆಕಾಶ ಸಾಕು.

ಕರೆ ಮಾಡಿದ ಮೇಲೆ ಆ ಜಾಗ ಬಿಡಬೇಡಿ. ಆಂಬುಲೆನ್ಸಿನ ಚಾಲಕ ದಾರಿ ಕೇಳಲು ತಿರುಗಿ ಮಾಡುತ್ತಾನೆ. ದಿಬ್ಬ ಹತ್ತಿ ಕರೆ ಮಾಡಿ ಕೆಳಗೆ ಇಳಿದುಬಿಟ್ಟರೆ ಅವನಿಗೆ ಸಿಗುವುದು ‘ಸ್ವಿಚ್ ಆಫ್’ ಉತ್ತರ.

---

ರೇಡಿಯೋ ಪಾಟೀಲ:

ಬೂಸ್ಟರ್ ಪ್ರಶ್ನೆ ಉಳಿದಿತ್ತು. ಖಂಡಿತ ಬೇಡ. ಅನುಮತಿ ಇಲ್ಲದೆ ರಿಪೀಟರ್ (ಬೂಸ್ಟರಿನ ಇನ್ನೊಂದು ಹೆಸರು) ಹಾಕುವುದು ಕಾನೂನುಬಾಹಿರ. ಅದಕ್ಕಿಂತ ಮುಖ್ಯ, ಅಗ್ಗದ ಬೂಸ್ಟರ್ ಟವರಿನ ಕಿವಿಗೆ ಗದ್ದಲ ತುಂಬುತ್ತದೆ. ನಿಮ್ಮ ಮನೆಯ ಕಡ್ಡಿ ಏರಿಸಲು ಹೋಗಿ ಇಡೀ ಊರಿನವರ ದುರ್ಬಲ ಕರೆಗಳು ಟವರಿಗೆ ಕೇಳದಂತಾಗುತ್ತವೆ, ಅದರಲ್ಲಿ ಯಾರದೋ ತುರ್ತು ಕರೆಯೂ ಇರಬಹುದು. ಇರಿಡಿಯಂ, ಥುರಾಯಾ ಥರದ ಉಪಗ್ರಹ ಫೋನ್ ವಿದೇಶದಿಂದ ತರುವ ಯೋಚನೆಯೂ ಬೇಡ, ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ.

ಬದಲಿಗೆ ಸಿಮ್ ಹಾಕುವ ಟೇಬಲ್ ಫೋನ್ ತೆಗೆದುಕೊಳ್ಳಿ, ಹೊರಗಿನ ಆಂಟೆನಾಗೆ ಎಸ್‌ಎಂಎ ಜೋಡಣೆ ಇರುವಂಥದ್ದು. ಅದು ಸಾದಾ ಫೋನ್, ರಿಪೀಟರ್ ಅಲ್ಲ. ಮಾಡಿನ ಮೇಲೆ ಪೈಪ್ ನಿಲ್ಲಿಸಿ ಟವರಿನ ಕಡೆ ಮುಖ ಮಾಡಿದ ಯಾಗಿ ಆಂಟೆನಾ (ಒಂದೇ ದಿಕ್ಕಿಗೆ ಕೆಲಸ ಮಾಡುವ ಕಡ್ಡಿಗಳ ಆಂಟೆನಾ) ಹಾಕಿ. ಎಲ್ಲರೂ ಕೆಡಿಸುವುದು ಕೇಬಲ್ ವಿಷಯದಲ್ಲಿ. ಆರ್‌ಜಿ-58 ಅನ್ನುವ ತೆಳು ಕೇಬಲ್ 900 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಅರ್ಧ ಡಿಬಿಗಿಂತ (ಡೆಸಿಬೆಲ್, ಸಿಗ್ನಲ್ ಏರಿಳಿತದ ಅಳತೆ) ಹೆಚ್ಚು ನುಂಗುತ್ತದೆ. 10 ಮೀಟರ್ ಎಳೆದರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಶಕ್ತಿ ದಾರಿಯಲ್ಲೇ ಹೋಯಿತು, 10 ಡಿಬಿಯ ಯಾಗಿ ಗಳಿಸಿದ್ದರಲ್ಲಿ ಅರ್ಧ ಕಳೆದಂತೆ. ಎಲ್‌ಎಂಆರ್-400 ದಪ್ಪ ಕೇಬಲ್ ಅಷ್ಟೇ ಉದ್ದಕ್ಕೆ 1.3 ಡಿಬಿ ಆಸುಪಾಸು ಮಾತ್ರ ತಿನ್ನುತ್ತದೆ. ಕನೆಕ್ಟರಿಗೆ ನೀರು ಇಳಿಯದಂತೆ ಸ್ವಯಂ ಅಂಟುವ ರಬ್ಬರ್ ಟೇಪ್ ಸುತ್ತಿ, ಕೇಬಲ್ ಒಳಗೆ ಬರುವ ಮುಂಚೆ ಒಂದು ಇಳಿ ಸುತ್ತು ಬಿಡಿ, ಹನಿ ಅಲ್ಲೇ ಉದುರಲಿ. ಗುಡುಗು ಮಿಂಚು ಇರುವಾಗ ಆಂಟೆನಾ ಜೋಡಣೆ ಬಿಚ್ಚಿಡಿ. ಯಾಗಿ ಕೊಳ್ಳುವ ಮುಂಚೆ ಅಲ್ಲಿಯ ಟವರ್ ಯಾವ ಬ್ಯಾಂಡಿನಲ್ಲಿದೆ ನೋಡಿ, 900ರ ಯಾಗಿ 1800ಕ್ಕೆ ಕೆಲಸ ಮಾಡುವುದಿಲ್ಲ.

---

ಮೆಲ್ಬೋರ್ನ್ ಶಾನಭಾಗ:

ಊರಿನ ಫೋನ್ ಹಿಡಿದು ಇಲ್ಲಿಗೆ ಬರುವ ಅಪ್ಪ ಅಮ್ಮಂದಿರಿಗಾಗಿ ಒಂದು ಮಾತು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ 28ರಿಂದ ಟೆಲ್‌ಸ್ಟ್ರಾ, ಆಪ್ಟಸ್ ಕಂಪನಿಗಳು 3ಜಿ ಮುಚ್ಚಿದವು. ಮಾಮೂಲಿ ಕರೆಗೆ 4ಜಿ ಬಳಸಿ, ತುರ್ತು ಕರೆಗೆ ಮಾತ್ರ 3ಜಿಗೆ ಇಳಿಯುವಂತೆ ತಯಾರಾದ ಫೋನುಗಳಿವೆ. ಅಂಥವನ್ನು ಇಲ್ಲಿಯ ಕಂಪನಿಗಳು ತಡೆಯಲೇಬೇಕು ಅನ್ನುವ ನಿಯಮ ಇದೆ. ಹೊರದೇಶದಲ್ಲಿ ಕೊಂಡ ಫೋನುಗಳೇ ಇದರಲ್ಲಿ ಹೆಚ್ಚು ಸಿಕ್ಕಿಬೀಳುವುದು. ಹಾಗಾಗಿ ಫೋನ್ ಇಂಡಿಯಾದಲ್ಲಿ ವೋಲ್ಟಿ (4ಜಿ ಮೇಲೇ ಹೋಗುವ ಮಾತಿನ ಕರೆ) ಕರೆ ಮಾಡುತ್ತಿತ್ತು ಅನ್ನುವುದು ಸಾಲದು, ಈ ದೇಶದ ಜಾಲದಲ್ಲಿ ತುರ್ತು ಕರೆಯೂ ವೋಲ್ಟಿಯಲ್ಲೇ ಹೋಗಬೇಕು.

---

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಎರಡು ಉಪಪ್ರಶ್ನೆ. ಕೀಪ್ಯಾಡ್ ಫೋನಿನಲ್ಲಿ ಎಸ್‌ಒಎಸ್ ಬಟನ್ ಇರುತ್ತಾ? ಬಿಎಸ್‌ಎನ್‌ಎಲ್ 4ಜಿ ಬಂದಿದೆ ಅಂತಾರೆ, ಫೋನ್ ಬದಲಿಸಬೇಕಾ?

---

ಕಂಬದಕೋಣೆ:

ಕೇಂದ್ರ ಸರ್ಕಾರದ 2016ರ ನಿಯಮದ ಪ್ರಕಾರ 2017ರ ಜನವರಿ 1ರ ನಂತರ ಮಾರಾಟವಾದ ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್, ಮಾದರಿ ನೋಡಿಕೊಂಡು ಬೇಗಬೇಗ ಮೂರು ಅಥವಾ ಐದು ಸಲ. ನಿಮ್ಮದು ಅದಕ್ಕಿಂತ ಹಳೆಯದಾದರೆ ಇರಲಿಕ್ಕಿಲ್ಲ. ಜೇಬಲ್ಲಿ ತಾನಾಗಿ ಒತ್ತಿ 112ಕ್ಕೆ ಕರೆ ಹೋದರೆ ಗಾಬರಿಯಲ್ಲಿ ಕಟ್ ಮಾಡಬೇಡಿ. ‘ತಪ್ಪಿ ಬಂತು, ಏನೂ ತೊಂದರೆ ಇಲ್ಲ’ ಅಂತ ಹೇಳಿ ಇಡಿ, ಇಲ್ಲದಿದ್ದರೆ ಅವರು ತಿರುಗಿ ಕರೆ ಮಾಡಿ ವಿಚಾರಿಸಬೇಕಾಗುತ್ತದೆ.

2ಜಿ ಫೋನನ್ನು ಎಸೆಯಬೇಡಿ, ಬ್ಯಾಟರಿ ಬಾಳಿಕೆಯೊಂದಕ್ಕೇ ಅದನ್ನು ಇಟ್ಟುಕೊಳ್ಳಬಹುದು. ಆದರೆ ಅದು 2ಜಿ ಟವರ್ ಬಿಟ್ಟು ಬೇರೇನನ್ನೂ ಕಾಣದು. ಹೊಸದು ಕೊಳ್ಳುವುದಾದರೆ ಡಬ್ಬಿ ಮೇಲೆ ಬ್ಯಾಂಡ್ 28 ಇದೆಯಾ ನೋಡಿ. ಬಿಎಸ್‌ಎನ್‌ಎಲ್ 4ಜಿ ಬರುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಬ್ಯಾಂಡ್ 28 ಮತ್ತು 1. ಗುಡ್ಡ ಕಾಡು ದಾಟಿ ಬರುವುದು 700, ಆ 28 ಇಲ್ಲದ ಫೋನಿಗೆ ಟವರ್ ಎದುರಿಗೇ ಇದ್ದರೂ ಕಾಣದಿರಬಹುದು. ಅಗ್ಗದ 4ಜಿ ಕೀಪ್ಯಾಡ್ ಫೋನುಗಳಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಇದೇ ಬ್ಯಾಂಡ್. ಒಂದೇ ಕಂಪನಿಯ ಸಿಮ್ಮಿಗೆ ಲಾಕ್ ಆದ ಫೋನೂ ಬೇಡ.