ಇಸಿಮ್, ನಂಬರ್, ಮೆಸೇಜ್: ಟ್ಯಾಬಿನಲ್ಲಿ ಈ ಪದಗಳಿಗೆ ಅರ್ಥ ಏನು?

ಎಲ್ಲರಿಗೂ ನಮಸ್ಕಾರ.

ಮೂರು ಪದಗಳ ಬಗ್ಗೆ ಕೇಳಬೇಕಿತ್ತು. ಮೂರೂ ನಾವು ದಿನಾ ಆಡುವ ಪದಗಳೇ. ಆದರೆ ಟ್ಯಾಬ್ ವಿಷಯಕ್ಕೆ ಬಂದಾಗ ಇವುಗಳ ಅರ್ಥ ಜಾರುತ್ತಿದೆ. ಅದರಿಂದ ನಮ್ಮ ಮನೆಯಲ್ಲೇ ತೊಂದರೆ ಆಯಿತು.

ತಿಪಟೂರಿನಲ್ಲಿರುವ ನಮ್ಮಮ್ಮನಿಗೆ ಈಗ ಕಣ್ಣು ಮಂಜು. ಫೋನಿನ ಅಕ್ಷರ ಕಾಣುವುದಿಲ್ಲ ಅಂತ ಹೋದ ವರ್ಷ ಒಂದು ದೊಡ್ಡ ಟ್ಯಾಬ್ (ಐಪ್ಯಾಡ್) ಕೊಡಿಸಿದೆವು. ಅದರಲ್ಲಿ ಸಿಮ್ ಹಾಕುವ ಜಾಗವೇ ಇರಲಿಲ್ಲ. ಅಂಗಡಿಯವರು ‘ಇಸಿಮ್ ಮಾಡ್ಕೊಡ್ತೀವಿ’ ಅಂದರು. ಅಮ್ಮನ ಕಿವಿಗೆ ಅದು ‘ಈ ಸಿಮ್’ ಅಂತ ಬಿತ್ತು. ತನ್ನ ಫೋನಿನ ಸಿಮ್ಮನ್ನೇ ಕಿತ್ತು ಇದಕ್ಕೆ ಹಾಕುತ್ತಾರೆ ಅಂದುಕೊಂಡಳು. ‘ಈ ಸಿಮ್ ಇದಕ್ಕೆ ಹಾಕಿದ್ರೆ ನನ್ನ ಫೋನಿಗೆ ಯಾವ ಸಿಮ್ಮು?’ ಅಂತ ಕೇಳಿದಳು. ‘ಅದು ಅದರ ಪಾಡಿಗೆ ಇರುತ್ತಮ್ಮ, ಇದಕ್ಕೆ ಬೇರೆ ನಂಬರ್ ಬರುತ್ತೆ’ ಅಂದರು ಅವರು.

ಬೇರೆ ನಂಬರ್ ಬಂತು. ಹತ್ತಂಕಿಯ ನಂಬರೇ. ಅಮ್ಮ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಳು. ಟ್ಯಾಬಿನಲ್ಲಾದರೆ ಅಕ್ಷರ ಚೆನ್ನಾಗಿ ಕಾಣುತ್ತದಲ್ಲ ಅಂತ, ಬ್ಯಾಂಕಿನ ಅರ್ಜಿಯಲ್ಲೂ ಅದನ್ನೇ ಬರೆದು ಬಂದಳು. ಆಮೇಲೆ ಒಂದು ಓಟಿಪಿಯೂ ಕಣ್ಣಿಗೆ ಬೀಳಲಿಲ್ಲ. ಪಿಂಚಣಿ ದುಡ್ಡು ತೆಗೆಯಲು ಎರಡು ವಾರ ಓಡಾಡಿದಳು. ಕೊನೆಗೆ ಹಳೇ ನಂಬರನ್ನೇ ಮತ್ತೆ ಬರೆಸಿದೆವು. ‘ನಂಬರ್ ಇದೆ ಅಂದ್ಮೇಲೆ ಮೆಸೇಜ್ ಯಾಕೆ ಬರಲ್ಲ?’ ಅಂತ ಅವಳು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ತಪ್ಪು ಅವಳದ್ದಲ್ಲ. ನಮ್ಮ ಮಾತಿನಲ್ಲಿ ‘ನಂಬರ್ ಇದೆ’ ಅಂದರೆ ‘ಅಲ್ಲಿಗೆ ಫೋನ್ ಹೋಗುತ್ತೆ, ಮೆಸೇಜ್ ಹೋಗುತ್ತೆ’ ಅಂತಲೇ ಅರ್ಥ, ಅಲ್ವಾ?

ಮೊದಲು ‘ಇಸಿಮ್’ ನೋಡೋಣ. ಇ-ಮೇಲ್, ಇ-ಪೇಪರ್, ಇ-ಖಾತಾ ಎಲ್ಲದರಲ್ಲೂ ‘ಇ’ ಅಂದರೆ ಎಲೆಕ್ಟ್ರಾನಿಕ್. ಹಾಗಾಗಿ ಇದನ್ನೂ ‘ವಿದ್ಯುನ್ಮಾನ ಸಿಮ್’ ಅಂತ ಬರೆಯಲು ಕೈ ಹೋಗುತ್ತದೆ. ಅದು ತಪ್ಪು. ಇಲ್ಲಿನ ‘ಇ’ ಎಂಬೆಡೆಡ್, ಅಂದರೆ ಹುದುಗಿಸಿದ್ದು. ಚಿಪ್ಪನ್ನು ಯಂತ್ರದ ಒಳಗೇ ಬೆಸೆದಿರುತ್ತಾರೆ. 2024ರ ಐಪ್ಯಾಡ್ ಪ್ರೊ, ಐಪ್ಯಾಡ್ ಏರ್‌ಗಳಲ್ಲಿ ಸಿಮ್ ಕೂರಿಸುವ ಟ್ರೇ ಇಲ್ಲದಿರುವುದು ಅದಕ್ಕೇ. ‘ಹುದುಗುಸಿಮ್’ ಅಂತ ಒಬ್ಬರು ಬರೆದದ್ದನ್ನು ನೋಡಿದೆ. ಅರ್ಥ ಸರಿ, ಆದರೆ ನಾಲಿಗೆಗೆ ಹತ್ತುವುದಿಲ್ಲ. ‘ಒಳಸಿಮ್’ ನನಗೆ ಹಿಡಿಸಿತು. ಒಳಜೇಬು, ಒಳಕೋಣೆ ಇದ್ದ ಹಾಗೆ. ‘ಈ ಸಿಮ್, ಆ ಸಿಮ್’ ಗೊಂದಲವೂ ತಪ್ಪುತ್ತದೆ.

ಆದರೆ ಒಂದು ತೊಡಕಿದೆ. ‘ಈ ಟ್ಯಾಬಿಗೆ ಇಸಿಮ್ ಇದೆಯಾ?’ ಅಂದಾಗ ನಾವು ಕೇಳುವುದು ಚಿಪ್ಪನ್ನು. ‘ನಿನ್ನೆ ಇಸಿಮ್ ತಗೊಂಡೆ’ ಅಂದಾಗ ಹೇಳುವುದು ಅದರೊಳಗೆ ಇಳಿಸಿಕೊಂಡ ಪ್ರೊಫೈಲನ್ನು, ಅಂದರೆ ಫೋನ್ ಕಂಪನಿ ಕೊಡುವ ಸಂಪರ್ಕದ ವಿವರವನ್ನು. ಚಿಪ್ಪು ಹಲಗೆ ಇದ್ದ ಹಾಗೆ, ಪ್ರೊಫೈಲ್ ಅದರ ಮೇಲಿನ ಬರಹ. ಹಲಗೆಗೆ ತನ್ನದೇ 32 ಅಂಕಿಯ ಗುರುತು ಇರುತ್ತದೆ. ಅದು ಬದಲಾಗುವುದಿಲ್ಲ. ಬರಹವನ್ನು ಅಳಿಸಬಹುದು, ಬೇರೆ ಬರೆಯಬಹುದು, ಎರಡು ಮೂರು ಬರಹ ಒಟ್ಟಿಗೆ ಇಟ್ಟುಕೊಳ್ಳಲೂಬಹುದು. ಹೀಗಿರುವಾಗ ‘ಸಿಮ್ ಹಾಕು’, ‘ಸಿಮ್ ತೆಗಿ’ ಅನ್ನುವ ಕ್ರಿಯಾಪದಗಳು ಕೂಡುವುದಿಲ್ಲ. ಕ್ಯೂಆರ್ ಕೋಡ್ ತೋರಿಸಿ ನೆಟ್‌ನಿಂದ ತರಿಸಿಕೊಳ್ಳುವುದರಿಂದ ‘ಇಸಿಮ್ ಇಳಿಸಿಕೊಳ್ಳು’ ಸರಿ ಅಂತ ನನಗೆ ಅನಿಸುತ್ತದೆ. ಅಂಗಡಿಗಳಲ್ಲಿ ‘ಆಕ್ಟಿವೇಟ್ ಮಾಡು’ ಜಾಸ್ತಿ ಕೇಳುತ್ತದೆ.

ಇನ್ನು ‘ನಂಬರ್’. ನನ್ನ ನಿಜವಾದ ಪ್ರಶ್ನೆ ಇದೇ.

ಡೇಟಾಗೆ ಅಂತ ಕೊಟ್ಟ ಸಿಮ್ಮಿಗೂ ಕಂಪನಿಯವರು ಒಂದು ನಂಬರ್ ಕೊಡುತ್ತಾರೆ. ರೀಚಾರ್ಜ್ ಮಾಡಲು, ಬಿಲ್ ಲೆಕ್ಕ ಇಡಲು ಅದು ಬೇಕು. ಆದರೆ ಐಪ್ಯಾಡ್ ಮಾಡಿರುವುದೇ ಸಿಮ್ಮಿನಿಂದ ನೆಟ್ ಮಾತ್ರ ಪಡೆಯುವ ಹಾಗೆ. ಒಳಗಿನ ಸಿಮ್ಮಿನ ನಂಬರಿಗೆ ಮಾಮೂಲಿ ಫೋನ್ ಕರೆ ಮಾಡಿದರೆ ಅದು ರಿಂಗ್ ಆಗುವುದಿಲ್ಲ. ಬ್ಯಾಂಕಿನ ಎಸ್ಸೆಮ್ಮೆಸ್ಸೂ ಅದರಲ್ಲಿ ಕಾಣುವುದಿಲ್ಲ. ಕೆಲವು ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಕರೆ, ಮೆಸೇಜ್ ಎರಡೂ ನಡೆಯುತ್ತವೆ. ಅದಕ್ಕೇ ‘ಟ್ಯಾಬಿಗೆ ಫೋನ್ ಬರುತ್ತಾ?’ ಅಂದರೆ ಒಂದೇ ಉತ್ತರ ಕೊಡಲಾಗದು.

ಇಂಥ ನಂಬರಿಗೆ ಕನ್ನಡದಲ್ಲಿ ಮಾತು ಸಿದ್ಧವಾಗೇ ಇದೆ: ಲೆಕ್ಕಕ್ಕುಂಟು, ಆಟಕ್ಕಿಲ್ಲ. ‘ಲೆಕ್ಕದ ನಂಬರ್’ ಅಂದರೆ ಹೇಗೆ? ರೀಚಾರ್ಜ್ ಲೆಕ್ಕವೂ ಅದರಲ್ಲೇ ಬಂತು. ‘ಅಮ್ಮಾ, ಇದು ಲೆಕ್ಕದ ನಂಬರ್, ಯಾರಿಗೂ ಕೊಡಬೇಡ’ ಅಂತ ಒಂದು ಮಾತು ಅಂಗಡಿಯವರು ಹೇಳಿದ್ದರೆ ಬ್ಯಾಂಕಿಗೆ ಅಲೆಯುವುದು ತಪ್ಪುತ್ತಿತ್ತು.

ಇದಕ್ಕೆ ತಿರುಗುಮುರುಗಾದ ಇನ್ನೊಂದು ನಂಬರ್ ಇದೆ. ಐಪ್ಯಾಡಿನಲ್ಲಿ ವಾಟ್ಸಾಪ್ 2025ರ ಮೇ ತಿಂಗಳಲ್ಲಿ ಬಂತು. ಅಲ್ಲಿ ಕಾಣುವ ನಂಬರ್ ಟ್ಯಾಬಿನದ್ದಲ್ಲ, ಫೋನಿನದ್ದು. ಫೋನಿನಿಂದ ಕ್ಯೂಆರ್ ಕೋಡ್ ಹಿಡಿದು ಜೋಡಿಸಬೇಕು. 14 ದಿನಕ್ಕಿಂತ ಹೆಚ್ಚು ಫೋನಿನಲ್ಲಿ ವಾಟ್ಸಾಪ್ ತೆರೆಯದಿದ್ದರೆ ಜೋಡಣೆ ಕಳಚಿಕೊಳ್ಳುತ್ತದೆ. ಐಫೋನ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ಹೇಳಿಟ್ಟರೆ ಅದಕ್ಕೆ ಬಂದ ಎಸ್ಸೆಮ್ಮೆಸ್ ಐಪ್ಯಾಡಿಗೂ ಬರುತ್ತದೆ. ಟ್ಯಾಬಿನೊಳಗಿನ ನಂಬರ್ ಸುಮ್ನೆ ಕೂತಿದೆ, ಹೊರಗಿನ ನಂಬರ್ ಕೆಲಸ ಮಾಡುತ್ತಿದೆ.

ಇದನ್ನು ಯೋಚಿಸುತ್ತಿದ್ದಾಗ ‘ಪಿಪಿ ನಂಬರ್’ ನೆನಪಾಯಿತು. ಮನೆಮನೆಗೆ ಫೋನ್ ಇಲ್ಲದ ಕಾಲದಲ್ಲಿ ವಿಸಿಟಿಂಗ್ ಕಾರ್ಡಿನಲ್ಲಿ, ಲಗ್ನಪತ್ರಿಕೆಯಲ್ಲಿ ನಂಬರಿನ ಪಕ್ಕ ‘ಪಿ.ಪಿ.’ ಅಂತ ಹಾಕುತ್ತಿದ್ದರು. ನಂಬರ್ ಪಕ್ಕದ ಮನೆಯದ್ದು, ಫೋನ್ ಬಂದರೆ ಅವರು ಕೂಗಿ ಕರೆಯುತ್ತಾರೆ ಅಂತ ಅರ್ಥ. ನಮಗೆ ಎದುರುಮನೆಯ ಮೇಷ್ಟ್ರ ನಂಬರೇ ಪಿಪಿ. ಅವರ ಹೆಂಡತಿ ಕಾಂಪೌಂಡಿನಿಂದ ಕೂಗಿದರೆ ಅಮ್ಮ ಒಲೆ ಮೇಲಿನದ್ದನ್ನು ಇಳಿಸಿ ಓಡುತ್ತಿದ್ದಳು. ಮೊನ್ನೆ ಅವಳಿಗೆ ‘ಟ್ಯಾಬಿನ ವಾಟ್ಸಾಪಿಗೆ ನಿನ್ನ ಫೋನೇ ಪಿಪಿ’ ಅಂದೆ. ‘ಹಂಗಾದ್ರೆ ಫೋನ್ ಆಫ್ ಮಾಡಿ ಬೀರುವಲ್ಲಿ ಇಡಬಾರದು ಅನ್ನು’ ಅಂದಳು. ಅಷ್ಟು ದಿನ ನಾನು ವಿವರಿಸಿ ಆಗದ್ದು ಆ ಒಂದು ಪದದಿಂದ ಆಯಿತು.

‘ಮೆಸೇಜ್’ ಬಗ್ಗೆ ಹೆಚ್ಚಿಲ್ಲ. ಎಸ್ಸೆಮ್ಮೆಸ್ಸಿಗೂ ವಾಟ್ಸಾಪಿಗೂ ಅದೇ ಪದ. ‘ಸಂದೇಶ’ ಅಂದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ‘ಸಿಮ್ ಮೆಸೇಜ್’, ‘ನೆಟ್ ಮೆಸೇಜ್’ ಅಂತ ಬಿಡಿಸಿ ಹೇಳಿದರೆ ಸಾಕು. ಅಮ್ಮನ ಟ್ಯಾಬಿಗೆ ಎರಡನೆಯದು ಮಾತ್ರ ಬರುತ್ತದೆ.

ನೀವು ಹೇಳಬೇಕಾದದ್ದು ಇಷ್ಟು. ಇಸಿಮ್ ಜೊತೆ ನಿಮ್ಮ ಕಡೆ ಯಾವ ಕ್ರಿಯಾಪದ ಬಳಸುತ್ತಾರೆ? ಲೆಕ್ಕದ ನಂಬರಿಗೆ ಬೇರೆ ಹೆಸರು ಯಾರಾದರೂ ಆಡುವುದನ್ನು ಕೇಳಿದ್ದೀರಾ? ‘ಪಿಪಿ’ ಅನ್ನುವುದು ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯೂ ಬಳಕೆಯಲ್ಲಿತ್ತಾ, ಈಗಿನ ಹುಡುಗರಿಗೆ ಹೇಳಿದರೆ ಅರ್ಥ ಆಗುತ್ತದಾ? ಹೊಸದಾಗಿ ಕಟ್ಟಿದ ಪದಕ್ಕಿಂತ, ಅಂಗಡಿಯಲ್ಲೋ ಮನೆಯಲ್ಲೋ ಕಿವಿಯಾರೆ ಕೇಳಿದ್ದನ್ನು ಊರಿನ ಹೆಸರಿನ ಜೊತೆ ಬರೆದರೆ ತುಂಬಾ ಉಪಕಾರ.